3000 ಕುದುರೆ, 12000 ಈಟಿ: ನನ್ನ ಕಾದಂಬರಿಯ ಯುದ್ಧದಲ್ಲಿ ಅಶ್ವದಳ ಗೆಲ್ಲೋದು ಹೇಗೆ?

ಬಯಲುಗನಸು:

ಎಲ್ಲರಿಗೂ ನಮಸ್ಕಾರ. ಒಂದು ಕಲ್ಪನೆಯ ಲೋಕದ ಕಾದಂಬರಿ ಬರೆಯುತ್ತಿದ್ದೇನೆ. ಅರಮನೆ ರಾಜಕೀಯ, ಮದುವೆ, ದ್ರೋಹ ಎಲ್ಲ ಸರಾಗವಾಗಿ ಬಂತು. ಈಗ ದೊಡ್ಡ ಯುದ್ಧದ ಅಧ್ಯಾಯಕ್ಕೆ ಬಂದು ಗಾಡಿ ನಿಂತಿದೆ.

ಸನ್ನಿವೇಶ ಹೀಗಿದೆ. ಹೊನ್ನೇರು ಅಂತ ಹುಲ್ಲುಗಾವಲಿನ ನಾಡು, ಅದರ ದಳಪತಿ ಚೆನ್ನಾಂಬೆ, ಅವಳ ಕೈಯಲ್ಲಿ 3000 ಕುದುರೆ ಸವಾರರು. ಎದುರಿಗೆ ಕಡಗೋಡಿನವರ 12000 ಕಾಲಾಳುಗಳು, ಎಲ್ಲರ ಕೈಯಲ್ಲೂ ಉದ್ದನೆಯ ಈಟಿ, ಎಂಟು ಸಾಲಾಗಿ ನಿಂತಿದ್ದಾರೆ. ಅವರ ಎಡಕ್ಕೆ ಮುಸುಕಿ ಹೊಳೆ, ಬಲಕ್ಕೆ ಕುರುಚಲು ಗುಡ್ಡ, ಹಿಂದೆ ಸಾಮಾನಿನ ಗಾಡಿಗಳು. ಇದರ ಜೊತೆಗೆ ಅವರ ಹತ್ತಿರ 40 ದೈತ್ಯ ಉಡಗಳಿವೆ. ಒಂದೊಂದೂ ಎತ್ತಿಗಿಂತ ದೊಡ್ಡದು, ಮೇಲೆ ಸವಾರ. ನನ್ನ ಲೋಕದಲ್ಲಿ ಮದ್ದುಗುಂಡು ಇಲ್ಲ. ಮಂತ್ರ ಇದೆ, ಆದ್ರೆ ಗಾಯ ವಾಸಿ ಮಾಡೋಕೆ ಮಾತ್ರ, ಯುದ್ಧ ಗೆಲ್ಲಿಸೋಕೆ ಆಗಲ್ಲ.

ನಾನು ಅಂದುಕೊಂಡಿರೋದು: 3000 ಕುದುರೆಗಳೂ ಒಂದೇ ದೊಡ್ಡ ಬಾಣದ ಮೊನೆಯ ಆಕಾರದಲ್ಲಿ ನಿಲ್ಲುತ್ತವೆ, ಮೊನೆಯಲ್ಲಿ ಚೆನ್ನಾಂಬೆ. ನಾಗಾಲೋಟದಲ್ಲಿ ಬಂದು ಕಡಗೋಡಿನ ಸಾಲಿನ ನಟ್ಟನಡುವೆ ನುಗ್ಗಿ ಎರಡು ಸೀಳು ಮಾಡುತ್ತಾರೆ. ಓದಿದ ಗೆಳೆಯ ಒಬ್ಬ "ಕುದುರೆ ಅಂದ್ರೆ ಬುಲ್ಡೋಜರ್ ಅಲ್ವೋ ಮಾರಾಯ" ಅಂತ ನಕ್ಕುಬಿಟ್ಟ. ನನಗೆ ಮೊನೆ ವ್ಯೂಹ ಬಿಡೋಕೆ ಮನಸ್ಸಿಲ್ಲ. ನಿಜವಾದ ಯುದ್ಧಗಳಲ್ಲಿ ಇದು ಹೇಗೆ ನಡೆಯುತ್ತಿತ್ತು? ಮತ್ತೆ ಈ ಉಡಗಳನ್ನ ಕುದುರೆಗಳು ಎದುರಿಸುತ್ತವಾ?

ಹಳೇನಕ್ಷೆ:

ಮೊದಲು ಸುಮ್ನೆ ಒಂದು ಲೆಕ್ಕ ಹಾಕೋಣ. ಮೊನೆಯಲ್ಲಿ ಒಬ್ಬಳು, ಹಿಂದಿನ ಸಾಲಿನಲ್ಲಿ ಇಬ್ಬರು, ಅದರ ಹಿಂದೆ ಮೂವರು, ಹೀಗೆ ಒಂದೊಂದೇ ಹೆಚ್ಚಿಸುತ್ತಾ ಹೋದರೆ 3000 ಕುದುರೆಗೆ 77 ಸಾಲು ಆಗುತ್ತದೆ. ಕೊನೆಯ ಸಾಲಿನಲ್ಲಿ ಹೆಚ್ಚೆಂದರೆ 77 ಕುದುರೆ. ಸವಾರರು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಒತ್ತಾಗಿ ಬಂದರೆ ಒಂದು ಕುದುರೆಗೆ ಸುಮಾರು ಒಂದು ಮೀಟರ್ ಜಾಗ ಬೇಕು. ಅಂದ್ರೆ ನಿಮ್ಮ ಇಡೀ ಅಶ್ವದಳದ ಅಗಲ 77 ಮೀಟರ್, ಉದ್ದ ಮಾತ್ರ 250 ಮೀಟರ್‌ಗೂ ಮೇಲೆ. ಎದುರಿಗಿರುವ 12000 ಜನ ಎಂಟು ಸಾಲಾಗಿ ನಿಂತರೆ ಅಕ್ಕಪಕ್ಕ 1500 ಜನ, ಒಂದು ಕಿಲೋಮೀಟರ್‌ಗಿಂತ ಎಷ್ಟೋ ಜಾಸ್ತಿ ಅಗಲ. ನಿಮ್ಮ ಮೊನೆ ನಡುವಿಗೆ ಹೋಗಿ ಚುಚ್ಚಿದಾಗ ಉಳಿದ ಈಟಿಯವರು ಎರಡೂ ಕಡೆಯಿಂದ ಬಾಗಿ ಬಂದು ಮುಚ್ಚಿಕೊಂಡರೆ ಕಥೆ ಮುಗೀತು. ಹಿಂದಿನ 60 ಸಾಲಿನವರಿಗೆ ಮುಂದೆ ಏನಾಗ್ತಿದೆ ಅಂತ ಕೂಡ ಕಾಣಲ್ಲ, ಧೂಳು ಬೇರೆ.

ಹಾಗಂತ ಮೊನೆ ವ್ಯೂಹ ಸುಳ್ಳಲ್ಲ. ಅಲೆಕ್ಸಾಂಡರನ ಅಪ್ಪ ಎರಡನೇ ಫಿಲಿಪ್ ತನ್ನ ಮ್ಯಾಸಿಡೋನಿಯಾದ ಸವಾರರಿಗೆ ಇದನ್ನೇ ಕಲಿಸಿದ್ದ. ಥ್ರೇಸಿಯನ್ನರಿಂದ ಇವರಿಗೆ ಬಂತು, ಅವರಿಗೆ ಸಿಥಿಯನ್ನರಿಂದ ಬಂತು ಅಂತ ಹಳೆಯ ಗ್ರೀಕ್ ಲೇಖಕರು ಬರೆದಿದ್ದಾರೆ. ಆದರೆ ಒಂದು ತುಕಡಿ ಅಂದ್ರೆ ಸುಮಾರು 200 ಕುದುರೆ, ಅಷ್ಟೇ. ಅದರ ಉಪಯೋಗ ಗುದ್ದೋದಲ್ಲ, ತಿರುಗೋದು. ನಾಯಕ ಮುಂದೆ ಇರುತ್ತಾನೆ, ಎಲ್ಲರಿಗೂ ಅವನು ಕಾಣುತ್ತಾನೆ, ಅವನು ಎಡಕ್ಕೆ ತಿರುಗಿದರೆ ಹಿಂದಿನವರೂ ಎಡಕ್ಕೆ, ಕೊಕ್ಕರೆ ಹಿಂಡು ಹಾರುವಾಗ ತಿರುಗುತ್ತದಲ್ಲ ಹಾಗೆ. ಈ ಹೋಲಿಕೆ ನನ್ನದಲ್ಲ, ಆ ಗ್ರೀಕರದ್ದೇ. ಥೆಸ್ಸಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಜ್ರದ ಆಕಾರದಲ್ಲಿ ನಿಲ್ಲುತ್ತಿದ್ದರು. ನಾಲ್ಕೂ ಮೂಲೆಯಲ್ಲಿ ಒಬ್ಬೊಬ್ಬ ನಾಯಕ, ಯಾವ ಕಡೆ ಬೇಕಾದರೂ ಮುಖ ಮಾಡಬಹುದು.

ಗೌಗಮೇಲದಲ್ಲಿ, ಕ್ರಿ.ಪೂ. 331ರಲ್ಲಿ, ಅಲೆಕ್ಸಾಂಡರ್ ನೇರ ನಡುವಿಗೆ ನುಗ್ಗಲಿಲ್ಲ. ತನ್ನ ಬಲಕ್ಕೆ ಸರಿಯುತ್ತಾ ಸರಿಯುತ್ತಾ ಹೋದ. ಅವನನ್ನ ತಡೆಯೋಕೆ ಪರ್ಷಿಯನ್ ಸವಾರರೂ ಅತ್ತಲೇ ಸರಿದರು, ಅವರ ಸಾಲು ಹಿಗ್ಗಿ ಒಂದು ಕಡೆ ಸಂದು ಬಿತ್ತು. ಆಗ ಸರಕ್ಕನೆ ತಿರುಗಿ ಆ ಸಂದಿನೊಳಗೆ ಮೊನೆ ತೂರಿಸಿದ. ಪರ್ಷಿಯಾದ ರಾಜ ದಾರಿಯುಸ್ ಕಾಲಿಗೆ ಬುದ್ಧಿ ಹೇಳಿದ.

ಹಾಗಾಗಿ ನಿಮ್ಮ 3000ವನ್ನ ಇನ್ನೂರರ 15 ತುಕಡಿ ಮಾಡಿ. ಒಂದೊಂದೂ ಒಂದು ಸಣ್ಣ ಮೊನೆ. ಮೂರರಲ್ಲಿ ಒಂದು ಪಾಲನ್ನ ಮೀಸಲಾಗಿ ಹಿಂದೆ ಇಟ್ಟುಕೊಳ್ಳಿ, ಯಾರು ಎಷ್ಟೇ ಬೊಬ್ಬೆ ಹೊಡೆದರೂ ಬಿಡಬೇಡಿ.

ಲಾಳದಸದ್ದು:

ನಾನು ಇತಿಹಾಸ ಓದಿದವನಲ್ಲ, ಕುದುರೆ ಲಾಯದಲ್ಲಿ ಕೆಲಸ ಮಾಡಿದವನು. ಕುದುರೆಯ ಕಡೆಯಿಂದ ಹೇಳ್ತೀನಿ.

ಕುದುರೆ ಬೇಟೆಯಾಗುವ ಪ್ರಾಣಿ. ಅದರ ತಲೆಯಲ್ಲಿ ಇರೋದು ಒಂದೇ, ಓಡಬೇಕು. ಕಣ್ಣು ತಲೆಯ ಎರಡು ಪಕ್ಕಕ್ಕೆ ಇರೋದ್ರಿಂದ ಸುತ್ತ ಎಲ್ಲಾ ಕಾಣುತ್ತದೆ, ಹಣೆಯ ನೇರ ಮುಂದೆ ತೀರಾ ಹತ್ತಿರ ಇರೋದು ಮತ್ತು ಬಾಲದ ನೇರ ಹಿಂದೆ ಇರೋದು ಕಾಣಲ್ಲ. ಎದುರಿಗೆ ಗಟ್ಟಿಯಾದ ಗೋಡೆಯ ಥರ ಜನ ನಿಂತು ಈಟಿ ಚಾಚಿದ್ದರೆ ಅದು ಕೊನೆಯ ಗಳಿಗೆಯಲ್ಲಿ ನಿಲ್ಲುತ್ತದೆ, ಇಲ್ಲಾ ಪಕ್ಕಕ್ಕೆ ಹೊರಳುತ್ತದೆ. ನೀವು ಮೇಲೆ ಕೂತು ಎಷ್ಟು ಒದ್ದರೂ ಅಷ್ಟೇ. ಓಡಿಹೋಗುವ ಮನುಷ್ಯನ ಬೆನ್ನು ಕಂಡರೆ, ನಡುವೆ ಜಾಗ ಕಂಡರೆ, ನುಗ್ಗುತ್ತದೆ.

ಇನ್ನೊಂದು, ನಾಗಾಲೋಟ ಶುರುವಿನಿಂದಲೇ ಅಲ್ಲ. ಮೊದಲು ನಡಿಗೆ, ಆಮೇಲೆ ದುಡುಕಿ ಓಟ, ಕೊನೆಯ ನೂರು ಮೀಟರ್ ಹತ್ತಿರ ಬಂದಾಗ ಮಾತ್ರ ಪೂರ್ತಿ ಬಿಡೋದು. ಅರ್ಧ ಕಿಲೋಮೀಟರ್‌ನಿಂದಲೇ ಬಿಟ್ಟರೆ ಚುರುಕಿನ ಕುದುರೆ ಮುಂದೆ, ಮಂದ ಕುದುರೆ ಹಿಂದೆ, ಸಾಲು ಅನ್ನೋದೇ ಉಳಿಯಲ್ಲ, ತಲುಪುವಷ್ಟರಲ್ಲಿ ಉಸಿರೂ ಇರಲ್ಲ.

ನಿಮ್ಮ ಅಧ್ಯಾಯಕ್ಕೆ ಒಂದು ಸಣ್ಣ ವಿಷಯ ಕೊಡ್ತೀನಿ. ಜೀನು ಕಟ್ಟುವಾಗ ಎಷ್ಟೋ ಕುದುರೆಗಳು ಉಸಿರು ಹಿಡಿದು ಹೊಟ್ಟೆ ಉಬ್ಬಿಸಿ ನಿಲ್ಲುತ್ತವೆ. ಹೊಟ್ಟೆಪಟ್ಟಿ ಬಿಗಿಯಾಗಿದೆ ಅಂತ ನಿಮಗೆ ಅನ್ನಿಸುತ್ತೆ. ನಾಲ್ಕು ಹೆಜ್ಜೆ ನಡೆಸಿದ ಮೇಲೆ ನೋಡಿದರೆ ಎರಡು ಬೆರಳು ಸಲೀಸಾಗಿ ತೂರುತ್ತದೆ. ಅನುಭವ ಇರೋ ಸವಾರ ಹತ್ತುವ ಮೊದಲು ಇನ್ನೊಂದು ಸಲ ಬಿಗಿಯುತ್ತಾನೆ. ಹೊಸಬ ಬಿಗಿಯಲ್ಲ, ಮೊದಲ ತಿರುವಿನಲ್ಲೇ ಜೀನಿನ ಸಮೇತ ಜಾರಿ ಹೊಟ್ಟೆಯ ಕೆಳಗೆ ನೇತಾಡುತ್ತಾನೆ. ಯುದ್ಧದ ಹಿಂದಿನ ಗಳಿಗೆಯಲ್ಲಿ ಚೆನ್ನಾಂಬೆ ಸಾಲುದ್ದಕ್ಕೂ ನಡೆದು ಹೊಟ್ಟೆಪಟ್ಟಿಗೆ ಬೆರಳು ಹಾಕಿ ನೋಡಲಿ. ಭಾಷಣ ಮಾಡಿಸೋದಕ್ಕಿಂತ ಅದು ಚೆನ್ನಾಗಿರುತ್ತೆ.

ಉಡದ ವಿಷಯ ಆಮೇಲೆ ಬರೀತೀನಿ, ಈಗ ಕೆಲಸ ಇದೆ.

ಚಹಾಗಡಿಗೆ:

ಸುಮ್ನೆ ಉಡಗಳಿಗೆ ರೆಕ್ಕೆ ಕೊಟ್ಟುಬಿಡಿ ಗುರು, ಲೆಕ್ಕಾಚಾರದ ತಲೆನೋವೇ ಇರಲ್ಲ 😄

ಹಳೇನಕ್ಷೆ:

ಲಾಳದಸದ್ದು ಹೇಳಿದ್ದಕ್ಕೆ ಸರಿಯಾದ ಉದಾಹರಣೆ ಇದೆ. 1815ರ ವಾಟರ್‌ಲೂನಲ್ಲಿ ನೆಪೋಲಿಯನ್ನನ ದಂಡನಾಯಕ ಮಾರ್ಷಲ್ ನೇ ಎಂಬವನು ಸಾವಿರಾರು ಫ್ರೆಂಚ್ ಸವಾರರನ್ನ ಮತ್ತೆ ಮತ್ತೆ ಬ್ರಿಟಿಷ್ ಕಾಲಾಳುಗಳ ಚೌಕಗಳ (ನಾಲ್ಕೂ ಕಡೆಗೆ ಮುಖ ಮಾಡಿ ಒತ್ತಾಗಿ ನಿಂತ ಗುಂಪುಗಳ) ಮೇಲೆ ಬಿಟ್ಟ. ಕುದುರೆಗಳು ಬಯೊನೆಟ್‌ಗಳ ಹತ್ತಿರ ಬಂದು ಸುತ್ತು ಹೊಡೆದು ಹೋದವು, ಚೌಕ ಒಡೆಯಲಿಲ್ಲ. ಆದರೆ ಅದಕ್ಕೆ ಮೂರು ವರ್ಷ ಮೊದಲು ಸ್ಪೇನಿನ ಗಾರ್ಸಿಯಾ ಹೆರ್ನಾಂಡೆಸ್‌ನಲ್ಲಿ ಜರ್ಮನ್ ಸವಾರರು ಒಂದು ಫ್ರೆಂಚ್ ಚೌಕವನ್ನ ಒಡೆದರು. ಹೇಗೆ ಗೊತ್ತಾ? ಗುಂಡು ತಗುಲಿ ಸಾಯುತ್ತಿದ್ದ ಒಂದು ಕುದುರೆ ಓಡಿ ಬಂದ ರಭಸಕ್ಕೆ ಸಾಲಿನ ಮೇಲೇ ಬಿತ್ತು. ಕೆಳಗೆ ಸಿಕ್ಕವರು ನೆಲ ಕಚ್ಚಿದರು, ಸಂದು ಬಿತ್ತು, ಉಳಿದ ಕುದುರೆಗಳು ಅದರೊಳಗೆ ಹೊಕ್ಕವು.

ಬಯಲುಗನಸು:

ಅಬ್ಬಾ, ಒಂದೇ ದಿನಕ್ಕೆ ಇಷ್ಟೊಂದು! 15 ತುಕಡಿ ಮಾಡೋದು ನನಗೆ ಒಪ್ಪಿಗೆ. ಒಂದೊಂದು ತುಕಡಿಗೂ ಒಂದೊಂದು ಊರಿನ ಹೆಸರು, ಬಾವುಟ ಕೊಡಬಹುದು. ಆದರೆ ಚೆನ್ನಾಂಬೆ ಮುಂದೆ ಇರಲೇಬೇಕು, ಅದನ್ನ ಬಿಡಲ್ಲ. ಮತ್ತೆ ಕಡಗೋಡಿನವರ ಸಾಲು ಗಟ್ಟಿಯಾಗಿದೆ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಗುಡ್ಡ. ಸಂದು ಎಲ್ಲಿಂದ ಬರುತ್ತೆ? ಸಾಯೋ ಕುದುರೆ ಬಿದ್ದು ಗೆದ್ದರು ಅಂತ ಬರೆದರೆ ಓದುಗರು ಬೈತಾರೆ.

ದರಿಯಾದಗೋಡೆ:

ಗಟ್ಟಿ ಸಾಲು ಒಡೆಯೋದು ಒಳಗಿನಿಂದ. ಶ್ರೀರಂಗಪಟ್ಟಣಕ್ಕೆ ಹೋದರೆ ದರಿಯಾ ದೌಲತ್‌ನ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ ಇದೆ, ಎಲ್ಲರೂ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಹೋಗ್ತಾರೆ. ಒಂದು ಹತ್ತು ನಿಮಿಷ ನಿಂತು ನೋಡಿ. ನಡುವೆ ಬ್ರಿಟಿಷರ ಚೌಕ, ಒಳಗೆ ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ, ಸುತ್ತ ನಾಲ್ಕೂ ಕಡೆ ಮೈಸೂರಿನ ಸವಾರರು, ಚೌಕದ ಒಳಗೆ ಒಂದು ಮದ್ದಿನ ಬಂಡಿ ಸಿಡಿಯುತ್ತಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ನಡೆದದ್ದು. ಹೈದರ್ ಮತ್ತು ಟಿಪ್ಪುವಿನ ಸವಾರರು ಎಷ್ಟು ಸಲ ನುಗ್ಗಿದರೂ ಆ ಚೌಕ ಜಗ್ಗಲಿಲ್ಲ. ಒಳಗಿದ್ದ ಮದ್ದಿನ ಬಂಡಿಗಳು ಸಿಡಿದ ಮೇಲೆ ಜನ ದಿಕ್ಕಾಪಾಲಾದರು, ಆಮೇಲೆ ಬಂದ ಸವಾರರಿಗೆ ದಾರಿ ಸಿಕ್ಕಿತು.

ನಿಮ್ಮ ಲೋಕದಲ್ಲಿ ಮದ್ದಿಲ್ಲ, ಸರಿ. ಆದರೆ ಕಡಗೋಡಿನವರ ಒಳಗೇ ಸಿಡಿಯೋ ವಸ್ತು ಇದೆಯಲ್ಲ, 40 ಉಡ! ಕ್ರಿ.ಪೂ. 202ರಲ್ಲಿ ಜಾಮಾದಲ್ಲಿ, ರೋಮನ್ನರ ಎದುರು, ಕಾರ್ತೇಜ್‌ನ ದಂಡನಾಯಕ ಹ್ಯಾನಿಬಲ್‌ನ ಆನೆಗಳು ಕಹಳೆ ಸದ್ದಿಗೆ ಬೆದರಿ ಹಿಂದೆ ತಿರುಗಿ ಅವನದೇ ಸವಾರರ ಮೇಲೆ ನುಗ್ಗಿದ್ದವು. ದೊಡ್ಡ ಪ್ರಾಣಿ ಸಾಕಿದವನಿಗೆ ಈ ಭಯ ಯಾವತ್ತೂ ತಪ್ಪಿದ್ದಲ್ಲ. ಹಿಂದಿನ ಸಾಮಾನಿನ ಗಾಡಿಗಳಿಗೆ ಬೆಂಕಿ ಬಿದ್ದರೆ ಉಡಗಳು ಎಲ್ಲಿಗೆ ಓಡುತ್ತವೆ ಅಂತ ಯೋಚನೆ ಮಾಡಿ.

ಇನ್ನೊಂದು ದೊಡ್ಡ ಸಮಸ್ಯೆ ಯಾರೂ ಹೇಳಲಿಲ್ಲ. ಒಳಗೆ ಹೊಕ್ಕ ಮೇಲೆ ಏನು? ನಮ್ಮ ಅಭಿಮನ್ಯು ಸಿಕ್ಕಿಬಿದ್ದದ್ದೂ ಅಲ್ಲೇ ಅಲ್ವಾ. 1642ರಲ್ಲಿ ಇಂಗ್ಲೆಂಡಿನ ಎಡ್ಜ್‌ಹಿಲ್‌ನಲ್ಲಿ ರಾಜಕುಮಾರ ರೂಪರ್ಟ್‌ನ ಸವಾರರು ಎದುರಿನ ಸವಾರರನ್ನ ಒಂದೇ ಏಟಿಗೆ ಓಡಿಸಿದರು. ಓಡಿಸಿದವರು ನಿಲ್ಲಲೇ ಇಲ್ಲ, ಬೆನ್ನಟ್ಟಿಕೊಂಡು ಹೋಗಿ ಸಾಮಾನಿನ ಗಾಡಿ ಲೂಟಿಗೆ ಇಳಿದರು. ಅವರು ವಾಪಸ್ ಬರೋ ಹೊತ್ತಿಗೆ ಇತ್ತ ರಾಜನ ಕಾಲಾಳುಗಳು ಏಟು ತಿಂದು ಹಣ್ಣಾಗಿದ್ದರು. ಯುದ್ಧ ಯಾರೂ ಗೆಲ್ಲಲಿಲ್ಲ. ಕ್ಯಾನೆಯಲ್ಲಿ, ಕ್ರಿ.ಪೂ. 216ರಲ್ಲಿ, ಇದರ ತದ್ವಿರುದ್ಧ. ಹ್ಯಾನಿಬಲ್‌ನ ಎಡಪಕ್ಕದ ಹಸ್ದ್ರೂಬಲ್ ಎದುರಿನ ರೋಮನ್ ಸವಾರರನ್ನ ಮುಗಿಸಿದ, ಬೆನ್ನಟ್ಟುತ್ತಾ ಕೂರದೆ ಹಿಂಬದಿಯಿಂದ ಸುತ್ತಿ ಬಂದು ಇನ್ನೊಂದು ಪಕ್ಕದ ಸವಾರರನ್ನೂ ಚದುರಿಸಿದ, ಅದಾದ ಮೇಲೆ ರೋಮನ್ ಕಾಲಾಳುಗಳ ಬೆನ್ನಿಗೆ ಬಿದ್ದ. ಒಂದು ಏಟು ಹೊಡೆದು ಮತ್ತೆ ಸೇರಿಕೊಂಡು ಇನ್ನೊಂದು ಏಟು ಹೊಡೆಯೋಕೆ ಬರುವ ಅಶ್ವದಳ ತುಂಬಾ ಅಪರೂಪ. ಚೆನ್ನಾಂಬೆಯ ನಿಜವಾದ ತಾಕತ್ತು ಅಲ್ಲಿರಲಿ. ಕಹಳೆ ಊದಿದಾಗ ಎಷ್ಟು ತುಕಡಿ ವಾಪಸ್ ಬಂದವು, ಯಾವುದು ಲೂಟಿಗೆ ಹೋಯ್ತು, ಇದರಲ್ಲಿ ಒಳ್ಳೆ ಜಗಳದ ದೃಶ್ಯವೇ ಇದೆ. ಅವಳು ಮೊನೆಯಲ್ಲೇ ಇದ್ದರೆ ಮೀಸಲು ಪಡೆಗೆ ಯಾವಾಗ ಹೊರಡಬೇಕು ಅಂತ ಹೇಳೋರು ಯಾರು? ಅದಕ್ಕೂ ಒಂದು ಪಾತ್ರ ಬೇಕು.

ಲಾಳದಸದ್ದು:

ಬಂದೆ. ಉಡದ ವಿಷಯ.

ಕುದುರೆಗೆ ನೋಟದ ಜೊತೆಗೆ ವಾಸನೆಯ ಭಯವೂ ಇದೆ. ಹೊಸ ಪ್ರಾಣಿಯ ವಾಸನೆ ಗಾಳಿಯಲ್ಲಿ ಬಂದರೆ ಸಾಕು, ಮೂಗಿನ ಹೊಳ್ಳೆ ಅರಳುತ್ತೆ, ಕತ್ತು ಮೇಲಕ್ಕೆ, ಮೈ ಬಿಗಿ, ಆಮೇಲೆ ಹಿಂದೆ ಹಿಂದೆ ಹೆಜ್ಜೆ. ಪರ್ಷಿಯಾದ ಸೈರಸ್ ಲಿಡಿಯಾದವರ ಸವಾರರ ಎದುರಿಗೆ ಸಾಮಾನು ಹೊರುವ ಒಂಟೆಗಳನ್ನ ತಂದು ನಿಲ್ಲಿಸಿದ, ಆ ವಾಸನೆಗೇ ಕುದುರೆಗಳು ತಿರುಗಿದವು ಅಂತ ಹಳೆಯ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳ್ತಾನೆ (ಇಷ್ಟು ಇತಿಹಾಸ ನನಗೂ ಗೊತ್ತು). ಹಾಗಾಗಿ ಹೊನ್ನೇರಿನವರು ಒಂದೆರಡು ಉಡವನ್ನ ಹಿಡಿದು ತಂದು ತಿಂಗಳುಗಟ್ಟಲೆ ಲಾಯದ ಪಕ್ಕದಲ್ಲೇ ಕಟ್ಟಿರಬೇಕು. ಮೊದಲು ದೂರ, ದಿನ ಕಳೆದಂತೆ ಹತ್ತಿರ. ಎಲ್ಲಾ 3000 ಕುದುರೆಗೂ ಇದು ಆಗದ ಮಾತು. ನಾಲ್ಕೈದು ತುಕಡಿಗೆ ಮಾತ್ರ ಅಭ್ಯಾಸ ಆಗಿದೆ ಅಂತ ಇಟ್ಟುಕೊಳ್ಳಿ, ಯಾವ ತುಕಡಿ ಎಲ್ಲಿ ನಿಲ್ಲಬೇಕು ಅನ್ನೋದು ಅದರಿಂದಲೇ ತೀರ್ಮಾನ ಆಗುತ್ತೆ.

ಇನ್ನೊಂದು ವಿಷಯ ನಿಮ್ಮ ತಲೆಗೆ ಹೊಳೆದಿದೆಯೋ ಇಲ್ಲವೋ. ಉಡ ಅಂದ್ರೆ ತಣ್ಣನೆ ರಕ್ತದ ಪ್ರಾಣಿ. ಬೆಳಗ್ಗೆ ಬಿಸಿಲು ಕಾಯಿಸಿಕೊಳ್ಳದೆ ಅದು ಚುರುಕಾಗಲ್ಲ. ದೊಡ್ಡ ಉಡ ಅಂದ್ರೆ ಬಿಸಿಯಾಗೋಕೆ ಇನ್ನೂ ಜಾಸ್ತಿ ಹೊತ್ತು ಬೇಕು. ನಸುಕಿನಲ್ಲಿ, ಹೊಳೆಯ ಮಂಜು ಇರುವಾಗ ದಾಳಿ ಮಾಡಿದರೆ ಆ 40 ಉಡಗಳೂ ಕಲ್ಲುಬಂಡೆ ಥರ ಬಿದ್ದಿರುತ್ತವೆ.

ಬಯಲುಗನಸು:

ಆಹಾ! ಆದ್ರೆ ಉಡಗಳು ಮಲಗಿದ್ದರೆ ನನ್ನ ಉಡದ ಕಾಳಗ ಹೋಯ್ತಲ್ಲ. ಅದಕ್ಕಾಗಿಯೇ ಅರ್ಧ ಓದುಗರು ಕಾಯ್ತಿದ್ದಾರೆ.

ಹಳೇನಕ್ಷೆ:

ತಡ ಮಾಡಿಸಿ. ನಸುಕಿಗೆ ಅಂತ ಹೊರಟವರು ಹೊತ್ತು ಏರಿದ ಮೇಲೆ ತಲುಪಲಿ. ಯುದ್ಧದಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ತಲುಪಲ್ಲ.

ದರಿಯಾದಗೋಡೆ ಹೇಳಿದ ಗಾಡಿಗೆ ಬೆಂಕಿ ಇಡೋದು ಯಾರು ಅಂದ್ರೆ, 800 ಸವಾರರು ರಾತ್ರಿ ಗುಡ್ಡ ಸುತ್ತಿಕೊಂಡು ಹಿಂದೆ ಬರಬೇಕು. ಶತ್ರುವಿಗೆ ಅನುಮಾನ ಬರದ ಹಾಗೆ ಮಾಡೋದಕ್ಕೆ ಅಲೆಕ್ಸಾಂಡರ್ ಝೀಲಂ ಹೊಳೆಯ ಹತ್ತಿರ ಮಾಡಿದ್ದನ್ನ ನೋಡಿ. ಕ್ರಿ.ಪೂ. 326. ಆಚೆ ದಡದಲ್ಲಿ ಪೋರಸ್, ಅವನ ಆನೆಗಳು. ಈಚೆ ಅಲೆಕ್ಸಾಂಡರ್ ರಾತ್ರಿಯ ಹೊತ್ತು ಸವಾರರನ್ನ ದಡದುದ್ದಕ್ಕೂ ಓಡಾಡಿಸಿ, ಕೂಗಾಡಿಸಿ, ಈಗ ದಾಟ್ತಾರೆ ಈಗ ದಾಟ್ತಾರೆ ಅನ್ನಿಸಿದ. ಮೊದಮೊದಲು ಪೋರಸ್ ಆನೆಗಳನ್ನ ಹೊಡೆದುಕೊಂಡು ಸದ್ದಿನ ಹಿಂದೆ ಓಡುತ್ತಿದ್ದ. ಆಮೇಲೆ ಬೇಸತ್ತು ಬಿಟ್ಟುಬಿಟ್ಟ. ಆಗ ಒಂದು ಮಳೆ ಗುಡುಗಿನ ರಾತ್ರಿ ಮೇಲ್ಗಡೆ ನಿಜವಾಗಿಯೂ ದಾಟಿದ. ಯುದ್ಧದಲ್ಲೂ ಕುದುರೆಗಳನ್ನ ಆನೆಗಳ ಎದುರಿಗೆ ಬಿಡದೆ ಪಕ್ಕದ ಸವಾರರ ಮೇಲೆ ಬಿಟ್ಟ. ಚೆನ್ನಾಂಬೆಯೂ ನಾಲ್ಕಾರು ರಾತ್ರಿ ಸುಮ್ನೆ ನಗಾರಿ ಬಾರಿಸಿ ಕಡಗೋಡಿನವರ ನಿದ್ದೆ ಕೆಡಿಸಲಿ.

ಅಕ್ಕಿಗಾಡಿ:

ಎಲ್ಲಾ ಸರಿ, ನಾಲ್ಕಾರು ರಾತ್ರಿ ಅಂತ ಸಲೀಸಾಗಿ ಹೇಳಿಬಿಟ್ಟರಲ್ಲ, ಕುದುರೆಗಳು ಅಲ್ಲಿವರೆಗೆ ಏನು ತಿನ್ನುತ್ತವೆ? ಒಂದು ಕುದುರೆಗೆ ದಿನಕ್ಕೆ ಮೇವು, ಹುರುಳಿ ಸೇರಿ ಹತ್ತು ಕೆಜಿ ಹತ್ತಿರ ಬೇಕು, ನೀರು 30 ಲೀಟರ್ ಇಟ್ಟುಕೊಳ್ಳಿ. 3000ಕ್ಕೆ ದಿನಕ್ಕೆ 30 ಟನ್ ಮೇವು, 90000 ಲೀಟರ್ ನೀರು. ಒಂದು ಎತ್ತಿನ ಗಾಡಿಗೆ ಅರ್ಧ ಟನ್ ಅಂದರೂ ದಿನಕ್ಕೆ 60 ಗಾಡಿ, ಆ ಎತ್ತುಗಳೂ ತಿನ್ನಬೇಕು. ಹೊಳೆ ಕಡಗೋಡಿನವರ ಎಡಕ್ಕೇ ಇದೆ, ಹೊನ್ನೇರಿನವರು ನೀರಿಗೆ ಎಲ್ಲಿಗೆ ಹೋಗ್ತಾರೆ? ಮೂರನೇ ಪಾಣಿಪತ್‌ನಲ್ಲಿ ಮರಾಠರು ಎರಡು ತಿಂಗಳಿಗೂ ಜಾಸ್ತಿ ಸಿಕ್ಕಿಹಾಕಿಕೊಂಡು ಕೂತಿದ್ದರು. 1761ರ ಜನವರಿ 14ಕ್ಕೆ ಹೊರಗೆ ಬರುವಾಗ ಜನಕ್ಕೂ ಊಟ ಇಲ್ಲ, ಕುದುರೆಗೂ ಇಲ್ಲ. ಹಸಿದ ಕುದುರೆಯ ಮೇಲೆ ಯಾವ ವ್ಯೂಹ ಕಟ್ಟಿದರೇನು.

ಸತ್ತ ಕುದುರೆಗಳ ಬದಲಿಗೆ ಹೊಸವು ಎಲ್ಲಿಂದ ಬರುತ್ತವೆ ಅನ್ನೋದನ್ನೂ ಯೋಚಿಸಿ. ವಿಜಯನಗರದವರಿಗೆ ಒಳ್ಳೆ ಕುದುರೆ ಸಮುದ್ರದಾಚೆ ಅರೇಬಿಯಾ, ಪರ್ಷಿಯಾದಿಂದ ಗೋವಾ, ಭಟ್ಕಳಕ್ಕೆ ಬರಬೇಕಿತ್ತು. ಸಾಳುವ ನರಸಿಂಹ ದಾರಿಯಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ, ವ್ಯಾಪಾರಿಗಳು ಬರೀ ಬಾಲ ತಂದು ತೋರಿಸಿದರೆ ಸಾಕಿತ್ತು ಅಂತ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿದ್ದಾನೆ. ಇಂಥದ್ದೊಂದು ನಿಮ್ಮ ಕಥೆಯ ಅರಮನೆ ಭಾಗದಲ್ಲಿ ಇದ್ದರೆ ಯುದ್ಧದಲ್ಲಿ ಸಾಯುವ ಒಂದೊಂದು ಕುದುರೆಗೂ ತೂಕ ಬರುತ್ತೆ. ಹುಲ್ಲುಗಾವಲಿನ ನಾಡಾದ್ದರಿಂದ ಹೊನ್ನೇರಿಗೆ ಈ ಕಷ್ಟ ಇಲ್ಲ, ಕಡಗೋಡಿಗೆ ಇರುತ್ತೆ. ಬಹುಶಃ ಅದಕ್ಕೇ ಅವರು ಉಡ ಸಾಕಿದ್ದು.

ಬಯಲುಗನಸು:

ಕೊನೆಯ ಸಾಲು ನನಗೆ ಹೊಳೆದೇ ಇರಲಿಲ್ಲ, ಕದಿಯುತ್ತಿದ್ದೇನೆ. ನೀರಿಗೆ ಹೊಳೆಯ ಮೇಲ್ಗಡೆ ಬೀಡು ಬಿಡಿಸಿದೆ. ಇನ್ನೊಂದೇ ಪ್ರಶ್ನೆ. 800 ಕುದುರೆ ರಾತ್ರಿ ಸದ್ದಿಲ್ಲದೆ ಗುಡ್ಡ ಸುತ್ತೋದು ಸಾಧ್ಯನಾ?

ಲಾಳದಸದ್ದು:

ಪೂರ್ತಿ ಸದ್ದಿಲ್ಲದೆ ಆಗಲ್ಲ, ಕಡಿಮೆ ಮಾಡಬಹುದು. ಇಳಿದು ಲಗಾಮು ಹಿಡಿದು ನಡೆಸಿಕೊಂಡು ಹೋಗಬೇಕು. ಕಬ್ಬಿಣ ಎಲ್ಲೆಲ್ಲಿ ಕಬ್ಬಿಣಕ್ಕೆ ತಾಗುತ್ತೋ ಅಲ್ಲೆಲ್ಲ ಬಟ್ಟೆ ಸುತ್ತಬೇಕು. ಹೊರಡುವ ಮುಂಚೆ ಹೊಟ್ಟೆತುಂಬ ಮೇವು, ನೀರು. ಒಟ್ಟಿಗೆ ಬೆಳೆದ ಜೋಡಿ ಕುದುರೆಗಳನ್ನ ಬೇರೆ ಮಾಡಬೇಡಿ, ಬೇರೆ ಮಾಡಿದರೆ ಒಂದು ಇನ್ನೊಂದನ್ನ ಕರೆಯುತ್ತಲೇ ಇರುತ್ತೆ. ಗಾಳಿ ಶತ್ರುವಿನ ಕಡೆಯಿಂದ ನಿಮ್ಮ ಕಡೆಗೆ ಬೀಸುತ್ತಿರಬೇಕು, ಇಲ್ಲದಿದ್ದರೆ ನಿಮ್ಮ ವಾಸನೆ ಅವರ ಪ್ರಾಣಿಗಳಿಗೆ ಸಿಗುತ್ತೆ. ಆದರೆ ಹಾಗೆ ಬೀಸಿದರೆ ಉಡದ ವಾಸನೆ ನಿಮ್ಮ ಕುದುರೆಗಳಿಗೆ ಬರುತ್ತೆ. ಎರಡೂ ಕಡೆ ಕಷ್ಟ. ಅಭ್ಯಾಸ ಆದ ತುಕಡಿಗಳನ್ನೇ ಕಳಿಸಿದರೂ 800ರಲ್ಲಿ ಒಂದಾದರೂ ಕೆನೆಯದೆ ಇರಲ್ಲ. ಅದು ಯಾರ ಕುದುರೆ ಅಂತ ಈಗಲೇ ತೀರ್ಮಾನ ಮಾಡಿಕೊಂಡು ಹಿಂದಿನ ಅಧ್ಯಾಯದಲ್ಲೇ ಅವನನ್ನ ಒಂದು ಸಲ ತೋರಿಸಿಬಿಡಿ.